ಪಾಠದ ಇಂಗ್ಲಿಷ್: ವಿಜ್ಞಾನದ ಮೇಷ್ಟ್ರಿಗೆ ಬೇಕಾದ ತರಬೇತಿ

(ಮುಂಬಯಿಯ ಪವಾಯಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



1959ರ ಮಾರ್ಚ್ 10ರಂದು ಪ್ರಧಾನಿ ನೆಹರೂ ಇದೇ ಪವಾಯಿಗೆ ಬಂದು ಐಐಟಿಗೆ ಅಡಿಗಲ್ಲು ಇಟ್ಟರು. ಪಾಠ ಅದಕ್ಕೂ ಮುಂಚೆಯೇ ಶುರುವಾಗಿತ್ತು. 1958ರ ಜುಲೈನಲ್ಲಿ, ವರ್ಲಿಯ ಸಾಸ್ಮಿರಾ ಕಟ್ಟಡದಲ್ಲಿ, ನೂರು ವಿದ್ಯಾರ್ಥಿಗಳ ಮೊದಲ ತಂಡ ಕೂತಿತ್ತು. ಯುನೆಸ್ಕೊ ಮುಖಾಂತರ ಸೋವಿಯತ್ ಒಕ್ಕೂಟ ಈ ಸಂಸ್ಥೆಯ ಬೆನ್ನಿಗೆ ನಿಂತಿತ್ತು. 1956ರಿಂದ 1973ರವರೆಗೆ ಅಲ್ಲಿಂದ 59 ತಜ್ಞರೂ 14 ತಂತ್ರಜ್ಞರೂ ಬಂದುಹೋದರು. ಇಲ್ಲಿನ ಅಧ್ಯಾಪಕರು ಅಲ್ಲಿಗೆ ಹೋಗಿ ತರಬೇತಿ ಪಡೆಯಲು 27 ಫೆಲೋಶಿಪ್‌ಗಳು ಸಿಕ್ಕವು. ಯಂತ್ರಗಳು ಬಂದವು, ಮುಂದೆ ಮಿನ್ಸ್ಕ್ ಕಂಪ್ಯೂಟರೂ ಬಂತು. ಐಐಟಿಯ ಚರಿತ್ರೆ ಬರೆಯುವವರು ಇದನ್ನೆಲ್ಲ ಹೇಳುತ್ತಾರೆ. ನಾನು ಇವತ್ತು ಅದೇ ಕಥೆಯ ಇನ್ನೊಂದು ಮಗ್ಗುಲನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಆ ತಜ್ಞರು ತಮ್ಮ ಊರಿನಲ್ಲಿ ಪಾಠ ಹೇಳುತ್ತಿದ್ದದ್ದು ರಷ್ಯನ್ ಭಾಷೆಯಲ್ಲಿ. ಇಲ್ಲಿ ಅವರ ಎದುರಿಗೆ ಕೂತವರು ಮರಾಠಿ, ಗುಜರಾತಿ, ತಮಿಳು, ಕನ್ನಡ ಮನೆಗಳಿಂದ ಬಂದವರು. ನಡುವೆ ಇದ್ದ ಭಾಷೆ ಇಂಗ್ಲಿಷ್. ಅದು ಹೇಳುವವರ ಮನೆಮಾತೂ ಅಲ್ಲ, ಕೇಳುವವರ ಮನೆಮಾತೂ ಅಲ್ಲ. ಹೀಗಿದ್ದೂ ವಿಜ್ಞಾನ ಒಬ್ಬರಿಂದ ಒಬ್ಬರಿಗೆ ದಾಟಿತು, ಸಂಸ್ಥೆ ನಿಂತಿತು, ಬೆಳೆಯಿತು. ಬೋರ್ಡಿನ ಮೇಲಿನ ಸಮೀಕರಣ, ಕೈಯಲ್ಲಿರುವ ಯಂತ್ರದ ಭಾಗ, ಚಿತ್ರ, ಮತ್ತು ಎಚ್ಚರದಿಂದ ಆಡಿದ ಸಣ್ಣ ಸಣ್ಣ ಮಾತು ಇಷ್ಟಿದ್ದರೆ ದೊಡ್ಡ ಇಂಗ್ಲಿಷ್ ಇಲ್ಲದೆಯೂ ವಿಜ್ಞಾನದ ಪಾಠ ನಡೆಯುತ್ತದೆ. ಮೂರು ದಶಕ ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ, ಆಮೇಲೆ ಕಿರಿಯ ಉಪನ್ಯಾಸಕರ ತರಬೇತಿಯಲ್ಲಿ ಕೆಲಸ ಮಾಡಿದವನಾಗಿ ನಾನು ಇದನ್ನು ಪೂರ್ತಿ ನಂಬುತ್ತೇನೆ. ಆದರೆ ಆ ಎಚ್ಚರದ ಸಣ್ಣ ಮಾತು ತಾನಾಗಿ ಬರುವುದಿಲ್ಲ, ಅದನ್ನು ಕಲಿಯಬೇಕು. ನಮ್ಮ ದೇಶದಲ್ಲಿ ವಿಜ್ಞಾನದ ಪ್ರಾಧ್ಯಾಪಕರಿಗೆ ಅದನ್ನು ಯಾರೂ ಕಲಿಸುತ್ತಿಲ್ಲ.

ನಮ್ಮಲ್ಲಿ ಒಬ್ಬರು ವಿಜ್ಞಾನದ ಉಪನ್ಯಾಸಕರಾಗುವುದು ಹೇಗೆ ನೋಡಿ. ಹೈಸ್ಕೂಲಿನಲ್ಲಿ ಎಂಟನೆಯ ತರಗತಿಗೆ ವಿಜ್ಞಾನ ಹೇಳಬೇಕಾದರೆ ಬಿ.ಎಡ್. ಬೇಕು. ಅಲ್ಲಿ ಪಾಠದ ಯೋಜನೆ ಬರೆಯಬೇಕು, ಹಿರಿಯರ ಎದುರು ಪಾಠ ಮಾಡಿ ತೋರಿಸಬೇಕು, ತಿದ್ದಿಸಿಕೊಳ್ಳಬೇಕು. ಬಿ.ಎಸ್ಸಿ. ತರಗತಿಗೆ ಹೇಳುವವರಿಗೆ ಇದ್ಯಾವುದೂ ಬೇಡ. ಎಂ.ಎಸ್ಸಿ. ಮುಗಿಸಿ ನೆಟ್ ಅಥವಾ ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು. ಕಲೆ, ವಾಣಿಜ್ಯದವರು ಬರೆಯುವ ಯುಜಿಸಿ ನೆಟ್‌ನಲ್ಲಿ ಬೋಧನೆಯ ಬಗ್ಗೆ ಒಂದಿಷ್ಟು ಪ್ರಶ್ನೆಗಳಾದರೂ ಬರುತ್ತವೆ. ವಿಜ್ಞಾನದವರು ಬರೆಯುವ ಸಿಎಸ್‌ಐಆರ್ ನೆಟ್‌ನಲ್ಲಿ ತರ್ಕ ಮತ್ತು ಲೆಕ್ಕದ ಸಾಮಾನ್ಯ ಭಾಗ ಬಿಟ್ಟರೆ ಮಿಕ್ಕದ್ದೆಲ್ಲ ವಿಷಯವೇ. ಪಾಸಾದ ಮರುದಿನ ಅವರು ಎಪ್ಪತ್ತು ಎಂಬತ್ತು ಮಕ್ಕಳ ಎದುರು ನಿಲ್ಲಬಹುದು.

ಸೇವೆಗೆ ಸೇರಿದ ಮೇಲೆ ತರಬೇತಿ ಇದೆ, ನಿಜ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಮಾರನೆಯ ವರ್ಷ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರು, ಬೆಂಗಳೂರು, ಧಾರವಾಡ, ಇಲ್ಲಿ ಮುಂಬಯಿಯಲ್ಲೂ ಅವು ಬಂದವು. ಆಗ ಹೊಸಬರಿಗೆ ನಾಲ್ಕು ವಾರದ ಓರಿಯೆಂಟೇಶನ್, ಅನುಭವಿಗಳಿಗೆ ಮೂರು ವಾರದ ರಿಫ್ರೆಶರ್ ಇದ್ದವು. ಹೆಸರು ಒಂದೆರಡು ಸಲ ಬದಲಾಗಿ ಈಗ ಮಾಳವೀಯ ಮಿಷನ್ ತರಬೇತಿ ಕೇಂದ್ರಗಳಾಗಿವೆ. ಅಲ್ಲಿ ಹೋಗಿಬಂದವರಿಗೆ ಪ್ರಮಾಣಪತ್ರ ಸಿಗುತ್ತದೆ, ಬಡ್ತಿಗೆ ಅದು ಬೇಕು. ಹಾಗೆ ಹೋಗಿಬಂದ ಎಷ್ಟೋ ಜನರನ್ನು ನಾನು ಕೇಳಿದ್ದೇನೆ: ಆ ದಿನಗಳಲ್ಲಿ ನೀವು ನಿಮ್ಮ ವಿಷಯವನ್ನು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಹೇಳಿ, ಅದನ್ನು ಯಾರಾದರೂ ಮಾತು ಮಾತಾಗಿ ಬಿಡಿಸಿ ನೋಡಿದರೇ? ಹೌದು ಎಂದವರು ವಿರಳ. ಇನ್ನು ಕರ್ನಾಟಕದ ಅತಿಥಿ ಉಪನ್ಯಾಸಕರು, ಮಹಾರಾಷ್ಟ್ರದ ಕ್ಲಾಕ್ ಅವರ್ ಲೆಕ್ಚರರುಗಳು ಇದ್ದಾರಲ್ಲ, ತಾಸಿಗಿಷ್ಟು ಎಂದು ದುಡಿಯುವವರು, ಅವರಿಗೆ ಈ ತರಬೇತಿಯ ಬಾಗಿಲೂ ಹೆಚ್ಚಾಗಿ ತೆರೆಯುವುದಿಲ್ಲ. ಮೊದಲ ವರ್ಷದ ಬಿ.ಎಸ್ಸಿ. ಪಾಠದ ದೊಡ್ಡ ಭಾರ ಅವರ ಹೆಗಲ ಮೇಲೇ ಇದೆ.

ಇಂಗ್ಲಿಷ್ ಕಲಿಸುವವರಿಗೆ ತರಬೇತಿ ಬೇಕು ಎಂಬುದನ್ನು ದೇಶ ಬೇಗನೆ ಅರಿತಿತ್ತು. ಇಲ್ಲಿನ ಐಐಟಿ ಹುಟ್ಟಿದ 1958ರಲ್ಲೇ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಹುಟ್ಟಿತು. 1963ರಲ್ಲಿ ಬೆಂಗಳೂರಿಗೆ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ಹೈದರಾಬಾದಿನ ಸಂಸ್ಥೆಯನ್ನು ಅದರ ಮೊದಲ ದಶಕದಲ್ಲಿ ಬಹುಕಾಲ ನಡೆಸಿದವರು ನಮ್ಮ ವಿ. ಕೃ. ಗೋಕಾಕರು. ಸವಣೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಬೇಂದ್ರೆಯವರ ಒಡನಾಟದಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ ಬಂದ ಕನ್ನಡ ಕವಿ. ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವ ದೇಶದ ದೊಡ್ಡ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದ ಅವರೇ, 1981ರಲ್ಲಿ, ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂಬ ವರದಿಯನ್ನು ಕೊಟ್ಟರು. ಮುಂದೆ ಆ ವರದಿಗಾಗಿ ನಾಡೇ ಬೀದಿಗಿಳಿಯಿತು. ಕೆಲವರಿಗೆ ಇದು ವಿಚಿತ್ರವಾಗಿ ಕಂಡಿತ್ತು. ನನಗೆ ಇದರಲ್ಲಿ ಯಾವ ವಿರೋಧವೂ ಕಾಣುವುದಿಲ್ಲ. ಎಳೆಯರಿಗೆ ಭಾಷೆ ಬೇರೂರಬೇಕಾದ ಜಾಗ ಯಾವುದು, ದೊಡ್ಡವರಾದ ಮೇಲೆ ಇನ್ನೊಂದು ಭಾಷೆಯನ್ನು ಅಚ್ಚುಕಟ್ಟಾಗಿ ಕಲಿಸುವುದು ಹೇಗೆ ಎಂಬೆರಡನ್ನೂ ಬಲ್ಲವರು ಅವರು. ಅವರು ಕೊನೆಯುಸಿರೆಳೆದದ್ದು ಇದೇ ಮುಂಬಯಿಯಲ್ಲಿ, 1992ರಲ್ಲಿ.

ಆದರೆ ಆ ಸಂಸ್ಥೆಗಳು ಮುಖ್ಯವಾಗಿ ಇಂಗ್ಲಿಷ್ ಮೇಷ್ಟ್ರುಗಳಿಗಾಗಿ ನಡೆದವು. ಭೌತಶಾಸ್ತ್ರದ ಮೇಷ್ಟ್ರು ಆ ಲೆಕ್ಕಕ್ಕೆ ಬರಲೇ ಇಲ್ಲ. ಒಂದು ಬಿ.ಎಸ್ಸಿ. ತರಗತಿಯ ವೇಳಾಪಟ್ಟಿ ತೆಗೆದು ನೋಡಿ. ವಾರಕ್ಕೆ ನಾಲ್ಕು ತಾಸು ಇಂಗ್ಲಿಷ್ ಇದ್ದರೆ ಹೆಚ್ಚು. ಉಳಿದ ಅಷ್ಟೂ ಹೊತ್ತು, ಪ್ರಾಕ್ಟಿಕಲ್ ಸೇರಿ, ವಿದ್ಯಾರ್ಥಿ ಕೇಳುವ ಇಂಗ್ಲಿಷ್ ಭೌತಶಾಸ್ತ್ರದವರದು, ರಸಾಯನಶಾಸ್ತ್ರದವರದು, ಗಣಿತದವರದು. ಮಗುವಿನ ಕಿವಿಗೆ ಇಂಗ್ಲಿಷ್ ಬೀಳುವುದೇ ಈ ಮೇಷ್ಟ್ರುಗಳ ಬಾಯಿಂದ. ಅವರ ಬಾಯಿಗೆ ಒಂದು ದಿನದ ಅಭ್ಯಾಸವನ್ನೂ ಕೊಡದೆ, ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ದೂರುವುದು ಅನ್ಯಾಯ.

ಈ ಸಭೆಯಲ್ಲಿ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಅನೇಕರಿದ್ದೀರಿ. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಆ ಶಾಲೆಗಳದ್ದೇ ಒಂದು ದೊಡ್ಡ ಅಧ್ಯಾಯ. ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಮೊಗವೀರ ರಾತ್ರಿ ಶಾಲೆಯಲ್ಲೋ ಗುರುನಾರಾಯಣ ರಾತ್ರಿ ಶಾಲೆಯಲ್ಲೋ ಕನ್ನಡದಲ್ಲಿ ಓದಿ ಎಸ್ಸೆಸ್ಸಿ ಪಾಸಾದವರು ಸಾವಿರಾರು. ಅವರಲ್ಲಿ ಬಹುಮಂದಿ ವಾಣಿಜ್ಯ ಹಿಡಿದರು, ಕೆಲವರು ಕಲೆ. ವಿಜ್ಞಾನಕ್ಕೆ ಹೋದವರು ಬಹಳ ಕಡಿಮೆ. ಹಗಲಿನ ಕೆಲಸ ಬಿಟ್ಟು ಪ್ರಾಕ್ಟಿಕಲ್‌ಗೆ ಹೋಗಲು ಆಗದಿದ್ದದ್ದು ಒಂದು ಕಾರಣ. ವಿಜ್ಞಾನದ ತರಗತಿಯ ಇಂಗ್ಲಿಷ್ ಇನ್ನೊಂದು ಕಾರಣ. ಗುರುತ್ವಾಕರ್ಷಣೆ ಎಂದರೇನು ಎಂದು ಕನ್ನಡದಲ್ಲಿ ಚೆನ್ನಾಗಿ ಬಲ್ಲ ಹುಡುಗ ಕಾಲೇಜಿನ ಮೊದಲ ವಾರದಲ್ಲೇ ತನಗೆ ವಿಜ್ಞಾನ ಆಗದು ಎಂದು ತೀರ್ಮಾನಿಸಿ ಅರ್ಜಿ ಬದಲಾಯಿಸಿಕೊಂಡು ಬರುತ್ತಿದ್ದ. ಇವತ್ತೂ ಪರಿಸ್ಥಿತಿ ಪೂರ್ತಿ ಬದಲಾಗಿಲ್ಲ. 2021ರಿಂದ ಜೆಇಇ ಮೇನ್ ಪರೀಕ್ಷೆಯನ್ನು ಕನ್ನಡವೂ ಸೇರಿ ಹದಿಮೂರು ಭಾಷೆಗಳಲ್ಲಿ ಬರೆಯಬಹುದು. ಬರೆದು ಪಾಸಾಗಿ ಒಳಗೆ ಕಾಲಿಟ್ಟರೆ ಪಾಠ ಇಂಗ್ಲಿಷಿನಲ್ಲಿದೆ.

ಹಾಗಾದರೆ ಆ ಪಾಠದಲ್ಲಿ ಆಗುತ್ತಿರುವುದೇನು? ನಾನು ಕಂಡ ಅತಿ ದೊಡ್ಡ ಕಾಯಿಲೆ ನೋಟ್ಸ್ ಬರೆಸುವುದು. ಮೇಷ್ಟ್ರು ಓದುತ್ತಾರೆ, ಮಕ್ಕಳು ಬರೆಯುತ್ತಾರೆ. ಈಗ ಅದರ ಜಾಗಕ್ಕೆ ಪರದೆಯ ಮೇಲಿನ ಸ್ಲೈಡ್ ಬಂದಿದೆ, ಓದುವುದು ಮಾತ್ರ ಹಾಗೇ ಇದೆ. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಹಳ ಸಲ ಅದು ಭಯ. ಎಂ.ಎಸ್ಸಿ.ಯಲ್ಲಿ ಮೊದಲ ದರ್ಜೆ ಪಡೆದು, ವಿಷಯವನ್ನು ಆಳವಾಗಿ ಬಲ್ಲವರಿಗೂ ತಮ್ಮ ಸ್ವಂತ ಇಂಗ್ಲಿಷ್ ವಾಕ್ಯದ ಮೇಲೆ ನಂಬಿಕೆ ಇರುವುದಿಲ್ಲ. ಪುಸ್ತಕದ ವಾಕ್ಯ ತಪ್ಪಿರುವುದಿಲ್ಲ ಎಂದು ಅದರ ಹಿಂದೆ ಅಡಗುತ್ತಾರೆ. ಮಕ್ಕಳ ಪ್ರಶ್ನೆ ಬಂದರೆ ಪುಸ್ತಕದಿಂದ ಹೊರಗೆ ಬರಬೇಕಾಗುತ್ತದೆ. ಹಾಗಾಗಿ ಪ್ರಶ್ನೆಯೇ ಬಾರದಂತೆ ತಾಸು ಮುಗಿಯುತ್ತದೆ. ಒಬ್ಬ ಒಳ್ಳೆಯ ವಿಜ್ಞಾನಿ ಹೀಗೆ ತನ್ನದೇ ತರಗತಿಯಲ್ಲಿ ಮೂಕನಾಗುವುದನ್ನು ನೋಡುವುದು ಸಂಕಟದ ವಿಷಯ.

ಒಂದು ತರಬೇತಿಯಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉತ್ತರ ಕರ್ನಾಟಕದ ಕಾಲೇಜೊಂದರಿಂದ ಬಂದ ಕಿರಿಯ ಉಪನ್ಯಾಸಕರು. ಅವರು ಆರಿಸಿಕೊಂಡ ವಿಷಯ ಟೈಟ್ರೇಶನ್. ಎದುರಿಗೆ ಸ್ಟ್ಯಾಂಡು, ಬ್ಯುರೆಟ್ಟು, ಫ್ಲಾಸ್ಕು ಎಲ್ಲ ಇದ್ದವು. ಅವರು ಅವುಗಳತ್ತ ನೋಡದೆ, ಕಣ್ಣು ಗೋಡೆಯ ಮೇಲಿಟ್ಟು, ಪುಸ್ತಕದಲ್ಲಿರುವ ಉದ್ದದ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿದರು. ಗೊತ್ತಿರುವ ಸಾಂದ್ರತೆಯ ದ್ರಾವಣದಿಂದ ಗೊತ್ತಿಲ್ಲದ ಸಾಂದ್ರತೆಯ ದ್ರಾವಣವನ್ನು ಸೂಚಕದ ಸಮ್ಮುಖದಲ್ಲಿ ಅಂತ್ಯಬಿಂದು ತಲುಪುವವರೆಗೆ ಎಂದು ಶುರುವಾಗುವ ವಾಕ್ಯದ ಇಂಗ್ಲಿಷ್ ರೂಪ. ತಪ್ಪೇನೂ ಇರಲಿಲ್ಲ. ಕೇಳುತ್ತಿದ್ದ ಮೊದಲ ವರ್ಷದ ಹುಡುಗಿಯರು ತಲೆ ತಗ್ಗಿಸಿ ಬರೆದುಕೊಂಡರು. ಆಗ ನಾವು ಅವರಿಗೆ, ಸರ್, ಇದನ್ನೇ ನಿಮ್ಮ ಲ್ಯಾಬಿನಲ್ಲಿ ಹುಡುಗರಿಗೆ ಹೇಗೆ ಹೇಳುತ್ತೀರೋ ಹಾಗೆ ಕನ್ನಡದಲ್ಲಿ ಹೇಳಿ ಎಂದೆವು. ಅವರು ಬ್ಯುರೆಟ್ಟಿಗೆ ಕೈ ಹಾಕಿದರು.

"ನೋಡ್ರೀ, ಬ್ಯುರೆಟ್ಟಿನ್ಯಾಗ ಅಲ್ಕಲಿ ಐತಿ, ಫ್ಲಾಸ್ಕಿನ್ಯಾಗ ಆ್ಯಸಿಡ್ ಐತಿ. ಒಂದು ಹನಿ ಬಿಡು. ಬಿದ್ದಲ್ಲಿ ಗುಲಾಬಿ ಆತಿಲ್ಲೋ? ಈಗ ಅಲ್ಲಾಡ್ಸು. ಹೋತಲ್ಲ ಬಣ್ಣ? ಅಂದ್ರ ಒಳಗಿನ್ನೂ ಆ್ಯಸಿಡ್ ಉಳದೈತಿ. ಮತ್ತೊಂದು ಹನಿ ಬಿಡು. ಯಾವ ಹನಿಗೆ ಬಂದ ಬಣ್ಣ ಅಲ್ಲಾಡ್ಸಿದ್ರೂ ಹೋಗೂದಿಲ್ಲೋ, ಅಲ್ಲಿಗೆ ನಿಲ್ಲಸು."

ಹುಡುಗಿಯರು ಬರೆಯುವುದನ್ನು ಬಿಟ್ಟು ಫ್ಲಾಸ್ಕಿನ ಕಡೆ ನೋಡುತ್ತಿದ್ದರು. ಆ ಮಾತಿನಲ್ಲಿ ಎಲ್ಲವೂ ಇತ್ತು: ನೋಡಬೇಕಾದದ್ದು, ಮಾಡಬೇಕಾದದ್ದು, ಅದರಿಂದ ತಿಳಿಯಬೇಕಾದದ್ದು, ನಡುವೆ ಒಂದು ಪ್ರಶ್ನೆ. ಅಲ್ಲಿಂದ ನಮ್ಮ ಕೆಲಸ ಸುಲಭವಾಯಿತು. ಇದೇ ಕ್ರಮವನ್ನು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಹೇಳಿ ಎಂದೆವು. "ವನ್ ಡ್ರಾಪ್. ನೌ ಶೇಕ್. ಈಸ್ ದ ಪಿಂಕ್ ಗಾನ್? ಸೋ, ಸಮ್ ಆ್ಯಸಿಡ್ ಈಸ್ ಸ್ಟಿಲ್ ಲೆಫ್ಟ್. ಆ್ಯಡ್ ವನ್ ಮೋರ್ ಡ್ರಾಪ್." ಈ ಇಂಗ್ಲಿಷ್ ಅವರಿಗೆ ಮೊದಲಿಂದಲೂ ಬರುತ್ತಿತ್ತು. ತರಗತಿಯಲ್ಲಿ ಇಂಥ ಇಂಗ್ಲಿಷ್ ಆಡಬಹುದು, ಇದು ಪ್ರಾಧ್ಯಾಪಕರ ಘನತೆಗೆ ಕಡಿಮೆಯಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪುಸ್ತಕದ ಉದ್ದದ ವಾಕ್ಯವನ್ನು ಕೊನೆಗೆ ಬೋರ್ಡಿನ ಮೇಲೆ ಬರೆದರು. ಪರೀಕ್ಷೆಗೂ ಜರ್ನಲ್‌ಗೂ ಅದು ಬೇಕಲ್ಲ. ಆದರೆ ಆ ಹೊತ್ತಿಗೆ ಅದರ ಪ್ರತಿಯೊಂದು ಮಾತಿಗೂ ಮಕ್ಕಳ ಕಣ್ಣೆದುರು ಒಂದು ವಸ್ತು ಇತ್ತು.

ವಿಜ್ಞಾನದ ಪಾರಿಭಾಷಿಕ ಪದಗಳೇ ಮಕ್ಕಳಿಗೆ ಕಷ್ಟ ಎಂದು ನಾವು ತಿಳಿದಿದ್ದೇವೆ. ನನ್ನ ಅನುಭವದಲ್ಲಿ ಹಾಗಲ್ಲ. ಕ್ಯಾಟಲಿಸ್ಟ್, ಮೊಮೆಂಟಮ್ ಮೊದಲಾದವು ಇಂಗ್ಲಿಷ್ ಮೀಡಿಯಂನ ಮಕ್ಕಳಿಗೂ ಹೊಸವೇ. ಅವನ್ನು ಎಲ್ಲರೂ ಒಟ್ಟಿಗೆ ಕಲಿಯುತ್ತಾರೆ. ಎಡವುವುದು ಮೇಷ್ಟ್ರು ಬಿಡಿಸಿ ಹೇಳದೆ ದಾಟಿಹೋಗುವ ಕಡೆ. ಒತ್ತಡ ಮೂರರಷ್ಟಕ್ಕೆ ಏರಿತೋ, ಮೂರರಷ್ಟು ಏರಿತೋ ಎಂಬುದು ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪದದ ಮೇಲೆ ನಿಂತಿದೆ, ಲೆಕ್ಕದ ಉತ್ತರವೇ ಅದರಿಂದ ಬದಲಾಗುತ್ತದೆ. ಹೀಗಾಗದ ಹೊರತು, ಇದನ್ನು ಸ್ಥಿರವಾಗಿಟ್ಟು, ಇದಕ್ಕೆ ಹೋಲಿಸಿದರೆ ಎಂಬ ಜೋಡಣೆಗಳಲ್ಲೇ ವಿಜ್ಞಾನದ ತರ್ಕ ಇರುವುದು. ತರಬೇತಿಯಲ್ಲಿ ಪ್ರತಿ ವಿಷಯದವರೂ ತಮ್ಮ ಪಾಠದ ಇಂಥ ಜೋಡಣೆಗಳನ್ನು ಪಟ್ಟಿಮಾಡಿ, ಒಂದೊಂದಕ್ಕೂ ನಿಲ್ಲಿಸಿ ಹೇಳುವುದನ್ನು ಅಭ್ಯಾಸ ಮಾಡಬೇಕು. ಉಚ್ಚಾರಣೆಯ ಮೇಲೆ ಕಳೆಯುವ ದಿನಗಳನ್ನು ಇದಕ್ಕೆ ಕೊಡಬಹುದು. ನಮ್ಮ ಉಚ್ಚಾರಣೆ ನಮ್ಮದು. ಬೆಂಗಳೂರಿನ ಹುಡುಗನಿಗೂ ಭಾಂಡೂಪಿನ ಹುಡುಗಿಗೂ ಅರ್ಥವಾದರೆ ಸಾಕು.

ಇನ್ನೂ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಭಾಷೆಯ ತಡೆ ಇಂಗ್ಲಿಷಿನದ್ದು ಮಾತ್ರವಲ್ಲ. ಇಲ್ಲಿಗೆ ಹತ್ತಿರದ ಮಾನ್‌ಖುರ್ದಿನಲ್ಲಿ ಟಿಐಎಫ್‌ಆರ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದೆ, 1974ರಲ್ಲಿ ಆರಂಭವಾದದ್ದು. ಅಲ್ಲಿ ವಿ. ಜಿ. ಕುಲಕರ್ಣಿ ಮತ್ತು ಸಂಗಡಿಗರು ಬಹಳ ಹಿಂದೆಯೇ ಒಂದು ಕೆಲಸ ಮಾಡಿದರು. ಮರಾಠಿ ಮಾಧ್ಯಮದ ಮಕ್ಕಳ ವಿಜ್ಞಾನ ಪಾಠಗಳನ್ನು, ವಿಷಯ ಅಷ್ಟೇ ಇಟ್ಟುಕೊಂಡು, ಸರಳ ಮರಾಠಿಯಲ್ಲಿ ಮತ್ತೆ ಬರೆದರು. ಮಕ್ಕಳ ಕಲಿಕೆ ಸುಧಾರಿಸಿತು. ಮನೆಮಾತಿನ ಪುಸ್ತಕವೂ ಬಡ ಮನೆಯ ಮಗುವಿಗೆ ಪರಭಾಷೆಯಾಗಿರಬಹುದು ಎಂಬುದನ್ನು ಅವರು ತೋರಿಸಿದರು. ನಮ್ಮ ಕನ್ನಡ ವಿಜ್ಞಾನ ಪುಸ್ತಕಗಳನ್ನು ಓದಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗಾಗಿ ನಾನು ಹೇಳುತ್ತಿರುವ ತರಬೇತಿ ಇಂಗ್ಲಿಷಿಗಷ್ಟೇ ಅಲ್ಲ, ನಾಳೆ ಅದೇ ಮೇಷ್ಟ್ರು ಕನ್ನಡದಲ್ಲಿ ಪಾಠ ಹೇಳುವಾಗಲೂ ಕೈಗೆ ಬರುವ ವಿದ್ಯೆ.

ಪವಾಯಿಯ ಐಐಟಿಯಲ್ಲೇ ಇದಕ್ಕೆ ಒಂದು ಜೀವಂತ ಮಾದರಿ ಇದೆ. ಪ್ರೊ. ಕಣ್ಣನ್ ಮೌದ್ಗಲ್ಯ ಅವರು ಕಟ್ಟಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ನಿಮ್ಮಲ್ಲಿ ಕೆಲವರ ಮಕ್ಕಳಿಗೆ ಗೊತ್ತಿರಬಹುದು. ಕಂಪ್ಯೂಟರ್ ತಂತ್ರಾಂಶಗಳನ್ನು ಕಲಿಸುವ, ಸುಮಾರು ಹತ್ತು ನಿಮಿಷದ ಪಾಠಗಳು. ಪರದೆಯ ಮೇಲೆ ಕಾಣುವುದೆಲ್ಲ ಇಂಗ್ಲಿಷಿನಲ್ಲಿ, ಏಕೆಂದರೆ ಮುಂದೆ ಕೆಲಸಕ್ಕೆ ಹೋದಾಗಲೂ ಅದು ಇಂಗ್ಲಿಷಿನಲ್ಲೇ ಇರುತ್ತದೆ. ಕಿವಿಗೆ ಬೀಳುವ ವಿವರಣೆ ಕನ್ನಡದಲ್ಲಿ, ಮರಾಠಿಯಲ್ಲಿ, ತಮಿಳಿನಲ್ಲಿ, ಬೇಕಾದರೆ ಇಂಗ್ಲಿಷಿನಲ್ಲೂ ಸಿಗುತ್ತದೆ. ಆ ಪಾಠದ ಬರಹ ಹೇಗಿರುತ್ತದೆ ನೋಡಿ. ಹಾಳೆಯಲ್ಲಿ ಎರಡು ಕಂಬ. ಎಡಗಡೆ, ಈ ಕ್ಷಣ ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದು. ಬಲಗಡೆ, ಆಗ ಆಡಬೇಕಾದ ಮಾತು. ಎಡಗಡೆ ಏನೂ ಇಲ್ಲದೆ ಬಲಗಡೆ ಮಾತು ಉದ್ದವಾಗುತ್ತ ಹೋದರೆ ಪಾಠ ಹಳಿ ತಪ್ಪಿದೆ ಎಂದು ಬರೆಯುವವರಿಗೇ ಕಾಣುತ್ತದೆ. ವಾಕ್ಯಗಳು ಚಿಕ್ಕವಿರಬೇಕು, ಇಲ್ಲವಾದರೆ ಬೇರೆ ಭಾಷೆಗೆ ಧ್ವನಿ ಕೊಡುವವರು ಆ ಹೊತ್ತಿನಲ್ಲಿ ಮುಗಿಸಲಾರರು. ಕೊನೆಗೆ, ಆ ವಿಷಯ ಏನೇನೂ ಗೊತ್ತಿಲ್ಲದ ಒಬ್ಬರ ಕೈಗೆ ಬರಹ ಕೊಟ್ಟು, ಅವರು ತಡವರಿಸಿದ ಕಡೆಯೆಲ್ಲ ತಿದ್ದುತ್ತಾರೆ. ವಿಜ್ಞಾನದ ಪ್ರಾಧ್ಯಾಪಕರ ತರಬೇತಿಗೆ ಇದಕ್ಕಿಂತ ಒಳ್ಳೆಯ ಹಾಳೆ ನನಗೆ ಗೊತ್ತಿಲ್ಲ. ನಾವು ಅದನ್ನೇ ಎರವಲು ಪಡೆದು ಬಳಸಿದ್ದೇವೆ. ಮೊದಲ ಸಲ ಬರೆಯುವಾಗ ಅನುಭವಿಗಳ ಎಡಗಂಬವೂ ಅರ್ಧ ಖಾಲಿ ಇರುತ್ತಿತ್ತು.

ಇದೇ ಸಂಸ್ಥೆಯಿಂದ ಇನ್ನೊಂದು ದೊಡ್ಡ ಪ್ರಯತ್ನವೂ ನಡೆಯಿತು. ಪ್ರೊ. ದೀಪಕ್ ಫಾಟಕ್ ಮತ್ತು ಸಹೋದ್ಯೋಗಿಗಳು ಒಂದೊಂದು ವಿಷಯಕ್ಕೂ ಸಾವಿರಾರು ಎಂಜಿನಿಯರಿಂಗ್ ಅಧ್ಯಾಪಕರನ್ನು ತಲುಪುವ ತರಬೇತಿ ರೂಪಿಸಿದರು. ದೇಶದ ಉದ್ದಗಲಕ್ಕೂ ಕಾಲೇಜುಗಳೇ ದೂರಕೇಂದ್ರಗಳು. ಅಲ್ಲಿನ ಸಂಯೋಜಕರು ಮೊದಲು ಪವಾಯಿಗೆ ಬಂದು ಕಲಿತು ಹೋಗುತ್ತಿದ್ದರು, ಆಮೇಲೆ ಅಂತರ್ಜಾಲದ ಮೂಲಕ ಎಲ್ಲ ಕೇಂದ್ರಗಳಿಗೂ ಒಟ್ಟಿಗೆ ಪಾಠ. ವಿಷಯಜ್ಞಾನ ಹಂಚಲು ಇದು ಅಪೂರ್ವ ವ್ಯವಸ್ಥೆ. ಆದರೆ ಪಾಠದ ಮಾತನ್ನು ಕಲಿಸಲು ಇಷ್ಟೇ ಸಾಲದು. ಈಜು ಹೇಳಿಕೊಡುವವರು ಎಷ್ಟೇ ದೊಡ್ಡವರಿರಲಿ, ಕಲಿಯುವವರು ನೀರಿಗೆ ಇಳಿಯಲೇಬೇಕು. ಹಾಗಾಗಿ ಹತ್ತು ಹನ್ನೆರಡು ಜನರ ಗುಂಪು, ಪ್ರತಿಯೊಬ್ಬರೂ ಬಾಯಿ ತೆರೆಯುವಂತೆ ನಡೆಯಬೇಕು.

ಹೊರದೇಶಗಳಲ್ಲಿ ಈ ಪ್ರಶ್ನೆ ನಮಗಿಂತ ತಡವಾಗಿ ಬಂತು, ಅವರು ನಮಗಿಂತ ಬೇಗ ಅದನ್ನು ಕೈಗೆತ್ತಿಕೊಂಡರು. ಡೆನ್ಮಾರ್ಕಿನಲ್ಲಿ ಇಂಗ್ಲಿಷಿನ ಕೋರ್ಸುಗಳು ಹೆಚ್ಚಾದಾಗ ಕೋಪನ್‌ಹೇಗನ್ ವಿಶ್ವವಿದ್ಯಾಲಯ ತನ್ನ ಪ್ರಾಧ್ಯಾಪಕರಿಗೆಂದೇ ಒಂದು ಮೌಖಿಕ ಪರೀಕ್ಷೆ ರೂಪಿಸಿತು. ಅದರಲ್ಲಿ ವ್ಯಾಕರಣದ ಪ್ರಶ್ನೆಪತ್ರಿಕೆ ಇಲ್ಲ. ಪ್ರಾಧ್ಯಾಪಕರು ಸಹೋದ್ಯೋಗಿಗಳ ಎದುರು ತಮ್ಮದೇ ವಿಷಯದ ಒಂದು ಕಿರುಪಾಠ ಮಾಡುತ್ತಾರೆ, ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಕೊನೆಗೆ ಅಂಕದ ಜತೆ, ಯಾವ ಕಡೆ ಮಾತು ತಡೆಯಿತು, ಏನು ಮಾಡಬಹುದು ಎಂಬ ಬರಹದ ಅಭಿಪ್ರಾಯವೂ ಕೈಗೆ ಬರುತ್ತದೆ. ಇಟಲಿಯ ಮಿಲಾನ್ ಪಾಲಿಟೆಕ್ನಿಕ್ ಬೇರೆ ದಾರಿ ಹಿಡಿಯಿತು. ಎಲ್ಲ ಸ್ನಾತಕೋತ್ತರ ಕೋರ್ಸುಗಳನ್ನೂ ಇಂಗ್ಲಿಷಿಗೆ ಬದಲಾಯಿಸುವುದಾಗಿ 2012ರಲ್ಲಿ ತೀರ್ಮಾನಿಸಿತು. ಅಧ್ಯಾಪಕರೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2017ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಇಂಗ್ಲಿಷಿನಲ್ಲಿ ಕೋರ್ಸು ಇರಬಹುದು, ಇಟಾಲಿಯನ್ನನ್ನು ಪೂರ್ತಿ ಹೊರಗಿಡುವಂತಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ಒಂದು ಶ್ರೀಮಂತ ದೇಶದ ಪ್ರಾಧ್ಯಾಪಕರು ತಮ್ಮ ಭಾಷೆಗೆ ತರಗತಿಯಲ್ಲಿ ಜಾಗ ಬೇಕೆಂದು ಹೋರಾಡಿದ್ದನ್ನು ನಾವು ನೆನಪಿಟ್ಟುಕೊಳ್ಳಬೇಕು. ನಮ್ಮ ಕಾಲೇಜುಗಳಲ್ಲಿ ಮೇಷ್ಟ್ರು ಎರಡು ಮಾತು ಕನ್ನಡದಲ್ಲಿ ಹೇಳಿದರೆ ತಪ್ಪು ಮಾಡಿದಂತೆ ಬಾಗಿಲ ಕಡೆ ನೋಡುತ್ತಾರೆ.

ಆ ನಾಚಿಕೆಯನ್ನು ತರಬೇತಿ ಮೊದಲು ಕಳೆಯಬೇಕು. ಕನ್ನಡಕ್ಕೆ ಪಾಠದಲ್ಲಿ ಬಹಿರಂಗವಾದ, ಗೊತ್ತಾದ ಜಾಗ ಇರಲಿ. ಹೊಸ ಪರಿಕಲ್ಪನೆ ಶುರುವಾಗುವ ಮುಂಚೆ ಐದು ನಿಮಿಷ, ಮುಗಿದ ಮೇಲೆ ಮಕ್ಕಳು ತಮ್ಮ ತಮ್ಮ ಭಾಷೆಯಲ್ಲಿ ಚರ್ಚಿಸಲು ಐದು ನಿಮಿಷ. ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಬಹುದು, ಮೇಷ್ಟ್ರು ಅದನ್ನು ಇಂಗ್ಲಿಷಿನಲ್ಲಿ ಮತ್ತೆ ಹೇಳಿ ಉತ್ತರಿಸಲಿ. ಆ ಒಂದು ಅಭ್ಯಾಸದಿಂದ ಮಗುವಿಗೆ ಉತ್ತರವೂ ಸಿಗುತ್ತದೆ, ತನ್ನ ಪ್ರಶ್ನೆಯ ಇಂಗ್ಲಿಷ್ ರೂಪವೂ ಸಿಗುತ್ತದೆ. ಮುಂಬಯಿಯಂಥ ಊರಿನಲ್ಲಿ ಒಂದೇ ತರಗತಿಯಲ್ಲಿ ನಾಲ್ಕು ಭಾಷೆಯ ಮಕ್ಕಳಿರುತ್ತಾರೆ, ಹೇಗೆ ಸಾಧ್ಯ ಎಂದು ಕೇಳಬಹುದು. ಮೇಷ್ಟ್ರಿಗೆ ನಾಲ್ಕೂ ಬರಬೇಕಿಲ್ಲ. ಆ ಐದು ನಿಮಿಷ ಮಕ್ಕಳು ತಮ್ಮವರೊಂದಿಗೆ ಕೂತು ಮಾತಾಡಲು ಬಿಟ್ಟರೆ ಸಾಕು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕನ್ನಡದ ವೇದಿಕೆಯಲ್ಲಿ ನಿಂತು ಇಂಗ್ಲಿಷ್ ಪಾಠದ ತರಬೇತಿ ಕೇಳುವುದು ಕನ್ನಡಕ್ಕೆ ಬೆನ್ನು ತಿರುಗಿಸಿದಂತಲ್ಲವೇ ಎಂದು ಸ್ನೇಹಿತರೊಬ್ಬರು ಕೇಳಿದರು. ವಿಜ್ಞಾನ ಕನ್ನಡದಲ್ಲಿ ಬರಬೇಕೆಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲೇ 'ವಿಜ್ಞಾನ' ಮಾಸಪತ್ರಿಕೆ ಹೊರಡಿಸಿದರು. ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ, ಪತ್ರಿಕೆ ಕನ್ನಡದಲ್ಲಿ, ಎರಡನ್ನೂ ಹೊತ್ತವರು ಅವರೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾಗಿ, ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಬದುಕಿಡೀ ಎರಡೂ ಭಾಷೆಯಲ್ಲಿ ವಿಜ್ಞಾನ ಹೇಳಿದರು. ಈಚೆಗೆ 2021ರಲ್ಲಿ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇ ಎಂಜಿನಿಯರಿಂಗನ್ನು ಕನ್ನಡದಲ್ಲೂ ಕಲಿಸಬಹುದೆಂದು ಅನುಮತಿ ಕೊಟ್ಟಿತು, ಬೀದರ್ ಜಿಲ್ಲೆಯ ಭಾಲ್ಕಿಯ ಕಾಲೇಜೊಂದು ಧೈರ್ಯವಾಗಿ ಮುಂದೆ ಬಂತು. ಆ ಸೀಟುಗಳಿಗೆ ಮಕ್ಕಳು ಬರಲಿಲ್ಲ. ಮಕ್ಕಳನ್ನಾಗಲಿ ತಂದೆತಾಯಿಗಳನ್ನಾಗಲಿ ದೂಷಿಸಲು ನನಗೆ ಮನಸ್ಸಿಲ್ಲ. ಮುಂದೆ ಉದ್ಯೋಗ, ಎಂ.ಟೆಕ್. ಎಲ್ಲವೂ ಇಂಗ್ಲಿಷಿನಲ್ಲಿರುವಾಗ ಅವರ ಹೆದರಿಕೆ ಸಹಜ. ಪವಾಯಿಯಲ್ಲೇ ಪ್ರೊ. ಗಣೇಶ್ ರಾಮಕೃಷ್ಣನ್ ಅವರ ಉಡಾನ್ ಯೋಜನೆ ಎಂಜಿನಿಯರಿಂಗ್ ಪುಸ್ತಕಗಳನ್ನು ಭಾರತೀಯ ಭಾಷೆಗಳಿಗೆ ತರುವ ಕೆಲಸ ಮಾಡುತ್ತಿದೆ. ಅದು ನಡೆಯಲಿ, ಬೆಳೆಯಲಿ. ಆದರೆ ಈ ಜೂನ್‌ನಲ್ಲಿ ಕಾಲೇಜಿಗೆ ಸೇರುವ ಹುಡುಗಿಗೆ ಅದೆಲ್ಲ ಹಣ್ಣಾಗುವವರೆಗೆ ಕಾಯಲು ಆಗದು. ಅವಳ ಎದುರು ಸೋಮವಾರ ಬೆಳಿಗ್ಗೆ ನಿಲ್ಲುವ ಮೇಷ್ಟ್ರು ನಮ್ಮ ಕೈಗೆ ಸಿಗುತ್ತಾರೆ.

ಹಾಗಾಗಿ ನಾನು ಕೇಳುವುದು ಇಷ್ಟು. ಮೇ ತಿಂಗಳಲ್ಲಿ, ಪರೀಕ್ಷೆಯ ಪೇಪರ್ ತಿದ್ದಿ ಮುಗಿದ ಮೇಲೆ, ಎರಡು ವಾರ. ಪ್ರತಿ ಗುಂಪಿನಲ್ಲೂ ಒಂದೇ ವಿಷಯದ ಹನ್ನೆರಡು ಜನ, ಅವರಲ್ಲಿ ಅರ್ಧದಷ್ಟಾದರೂ ಅತಿಥಿ ಉಪನ್ಯಾಸಕರು ಅಥವಾ ಕ್ಲಾಕ್ ಅವರ್‌ನವರು. ಅವರಿಗೆ ಆ ದಿನಗಳ ಸಂಭಾವನೆ ಸಿಗಬೇಕು, ಏಕೆಂದರೆ ರಜೆಯಲ್ಲಿ ಅವರಿಗೆ ಸಂಬಳ ಇರುವುದಿಲ್ಲ. ಜತೆಗೆ ಒಬ್ಬ ಇಂಗ್ಲಿಷ್ ಮೇಷ್ಟ್ರು, ಒಬ್ಬ ವಿಷಯದ ಹಿರಿಯರು, ಇಬ್ಬರೂ ಒಟ್ಟಿಗೆ ಕೂರಬೇಕು. ಪ್ರತಿಯೊಬ್ಬರೂ ತಮ್ಮ ಹತ್ತು ನಿಮಿಷದ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆಡಿದ್ದನ್ನು ಆಡಿದಂತೆಯೇ ಬರೆದು, ಎರಡು ಕಂಬದ ಹಾಳೆಗೆ ಇಳಿಸಿ, ಮತ್ತೆ ಪಾಠ ಮಾಡಬೇಕು. ಕೊನೆಯಲ್ಲಿ ಶ್ರೇಣಿ ಬೇಡ, ಬಡ್ತಿಗೆ ಗಂಟು ಹಾಕುವುದೂ ಬೇಡ. ಹಾಗೆ ಮಾಡಿದ ದಿನವೇ ಅದು ಇನ್ನೊಂದು ಪ್ರಮಾಣಪತ್ರವಾಗಿ ಮುಗಿಯುತ್ತದೆ.

ಮತ್ತೆ, ಕೇಳುವುದಕ್ಕೆ ಮಕ್ಕಳು ಬೇಕು. ಸಹೋದ್ಯೋಗಿಗಳು ಎದುರಿಗೆ ಕೂತರೆ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಆಗತಾನೆ ಹನ್ನೆರಡನೆಯದನ್ನು ಮುಗಿಸಿದ, ಹತ್ತರವರೆಗೆ ಮನೆಮಾತಿನಲ್ಲಿ ಓದಿದ ಆರೇಳು ಮಕ್ಕಳು ಪ್ರತಿ ಗುಂಪಿಗೆ ಬೇಕು. ಪಾಠ ಕೇಳಿ, ಅರ್ಥವಾದದ್ದನ್ನು ತಮ್ಮ ಭಾಷೆಯಲ್ಲಿ ತಿರುಗಿ ಹೇಳಬೇಕು, ಅರ್ಥವಾಗದ ಕಡೆ ಕೈ ಎತ್ತಬೇಕು. ಇದು ಕೆಲಸ, ಇದಕ್ಕೆ ಕೂಲಿ ಕೊಡಬೇಕು. ವಿಶ್ವವಿದ್ಯಾಲಯಗಳ ಲೆಕ್ಕಪತ್ರದಲ್ಲಿ ಇಂಥ ಖರ್ಚಿಗೆ ಶೀರ್ಷಿಕೆ ಇರುವುದಿಲ್ಲ, ಅದಕ್ಕೇ ಎಲ್ಲ ಕಡೆ ಇದು ನಿಂತುಹೋಗುತ್ತದೆ. ಮುಂಬಯಿಯ ಕನ್ನಡ ಸಂಘಗಳು, ದತ್ತಿನಿಧಿ ಇಟ್ಟ ಕುಟುಂಬಗಳು ಈ ಒಂದು ಖರ್ಚನ್ನು ಹೊತ್ತರೆ ಉಳಿದದ್ದಕ್ಕೆ ಅಧ್ಯಾಪಕರನ್ನು ಒಪ್ಪಿಸುವ ಜವಾಬ್ದಾರಿ ನನ್ನಂಥವರದು. ಆ ಮಕ್ಕಳನ್ನು ಎಲ್ಲಿಂದ ಕರೆತರುವುದು ಎಂದು ನಿಮ್ಮನ್ನು ಕೇಳಬೇಕಾಗಿಲ್ಲ. ನಿಮ್ಮ ರಾತ್ರಿಶಾಲೆಗಳ, ಪಾಲಿಕೆಯ ಕನ್ನಡ ಶಾಲೆಗಳ ಹಳೆಯ ಹಾಜರಿ ಪುಸ್ತಕಗಳಲ್ಲಿ ಅವರ ಹೆಸರುಗಳಿವೆ.